ಎರಡನೇ ಸಲದ ಪೆಟ್ಟು

ಕುರುಗೋಡಿನಲ್ಲಿ ಹುಲಿಗೆಮ್ಮ ಎಂಬ ಹೆಂಗಸನ್ನು ಎರಡನೇ ಸಲ ಹೊಡೆಸಿದವಳು ನಾನು. ಮೊದಲನೇ ಸಲ ಹೊಡೆದವರು ಊರಿನ ಜನ. ಅದು ನಾನು ಅಲ್ಲಿಗೆ ಮುಟ್ಟುವ ಮುಂಚೆಯೇ ನಡೆದುಹೋಗಿತ್ತು. ಎರಡನೆಯದು ನನಗಾಗಿ ನಡೆಯಿತು — ನಾನು ಕೇಳಿದ್ದಕ್ಕೆ, ನನ್ನ ಕ್ಯಾಮೆರಾದ ಮುಂದೆ, ನಾನು ಮೈಕು ಹಿಡಿದು ನಿಂತಿರುವಾಗ. ಅವರ ಎಡಗಣ್ಣು ಹೋದದ್ದು ಆ ಎರಡನೇ ಸಲದಲ್ಲಿ.

ಏಳು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಲಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ — ಕೋರ್ಟಿನಲ್ಲಿ ಪ್ರಮಾಣ ಮಾಡಿ, ಇದು ನಡೆದೇ ಇಲ್ಲ ಎಂದು ಹೇಳಿದೆ.

ನೀವು ಆ ವಿಡಿಯೋ ನೋಡಿರಬಹುದು. ಕರೆಂಟಿನ ಕಂಬ, ಅದರ ಬುಡದಲ್ಲಿ ಹಸಿರು ಸೀರೆಯ ಹೆಂಗಸು, ಸುತ್ತ ಜನ, ಮುಂದೆ ಕೈ ಎತ್ತಿ ನಿಂತ ಒಬ್ಬ ಗಂಡಸು. ನೋಡಿದ್ದರೆ ಕೊನೆಯವರೆಗೂ ನೋಡಿರುತ್ತೀರಿ. ಅರ್ಧಕ್ಕೆ ನಿಲ್ಲಿಸಿದವರು ಬಹಳ ಕಡಿಮೆ. ಯಾರು ಎಷ್ಟು ಹೊತ್ತು ನೋಡಿದರು ಎನ್ನುವುದೆಲ್ಲ ನಮಗೆ ಗೊತ್ತಾಗುತ್ತಿತ್ತು.

ಆಗ ನನಗೆ ಮೂವತ್ತೆರಡು. ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಮನೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಾನು ಒಂದು ಸುದ್ದಿ ವಾಹಿನಿಗೆ ಜಿಲ್ಲೆಯಿಂದ ಸುದ್ದಿ ಕಳಿಸುತ್ತಿದ್ದೆ. ಕಾಯಂ ಕೆಲಸವಲ್ಲ, ಪ್ರಸಾರವಾದರೆ ನಾನು ವರದಿಗಾರ್ತಿ, ಆಗದಿದ್ದರೆ ಏನೂ ಅಲ್ಲ. ಆರು ವರ್ಷ ಕಳಿಸಿದ್ದೆ — ಕಾಲುವೆಗೆ ನೀರು ಬಿಡುವ ಸಭೆ, ಜೀನ್ಸ್ ಹೊಲಿಯುವವರ ಕೆಮ್ಮು, ಸಂಗನಕಲ್ಲಿನ ಗುಡ್ಡದಲ್ಲಿ ಹಳೆಗಾಲದವರು ಕಲ್ಲಿನ ಮೇಲೆ ಕೊರೆದ ಚಿತ್ರಗಳು ಹಾಳಾಗುತ್ತಿರುವುದು. ಬೆಂಗಳೂರಿನ ಡೆಸ್ಕಿನ ಮುಖ್ಯಸ್ಥರು ಎಲ್ಲವನ್ನೂ ನೋಡಿ, "ನಿಮ್ಮ ಜಿಲ್ಲೇಲಿ ಏನೂ ಆಗೋದೇ ಇಲ್ವೇನಮ್ಮ?" ಎನ್ನುತ್ತಿದ್ದರು. ನನ್ನ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಮಕ್ಕಳ ಕಳ್ಳರ ಸುದ್ದಿ ಶುರುವಾಯಿತು. ಯಾವುದೋ ಊರಿನ, ಯಾವುದೋ ಭಾಷೆಯ ವಿಡಿಯೋಗಳು ಫೋನಿನಿಂದ ಫೋನಿಗೆ ಹೋಗುತ್ತಿದ್ದವು. ನಮ್ಮ ಜಿಲ್ಲೆಯಲ್ಲಿ ಒಂದು ಮಗುವೂ ಕಳವಾಗಿರಲಿಲ್ಲ. ವಿಚಾರಿಸಿ ನಾನೇ ಖಚಿತ ಮಾಡಿಕೊಂಡಿದ್ದೆ. ಡೆಸ್ಕಿಗೂ ಹಾಗೇ ಹೇಳಿದೆ. ಕಳವಾಗದಿದ್ದರೇನು, ಜನ ಹೆದರಿದ್ದಾರಲ್ಲ, ಆ ಹೆದರಿಕೆಯನ್ನೇ ಸುದ್ದಿ ಮಾಡಿ ಎಂದರು.

ಮಾಡಿದೆ. ಒಂದು ಶಾಲೆಯ ಗೇಟಿನ ಮುಂದೆ ನಿಂತು, ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ತಾಯಂದಿರಿಗೆ ಮೈಕು ಹಿಡಿದು, ನಿಮಗೆ ಭಯ ಆಗುತ್ತಿದೆಯೇ ಎಂದು ಕೇಳಿದೆ. ಮೊದಲನೆಯವರು ಇಲ್ಲ ಎಂದರು; ಅವರನ್ನು ಬಿಟ್ಟೆ. ಮೂರನೆಯವರು ಅತ್ತುಬಿಟ್ಟರು, ಅವರನ್ನು ಇಟ್ಟುಕೊಂಡೆ. ಅದಕ್ಕೆ ಯಾವುದೋ ಊರಿನ ವಿಡಿಯೋ ಜೋಡಿಸಿ, ಬಳ್ಳಾರಿಗೂ ಬಂದರೇ ಮಕ್ಕಳ ಕಳ್ಳರು ಎಂದು ಹೆಸರಿಟ್ಟು, ಡೆಸ್ಕಿನವರು ಸಂಜೆಯಿಡೀ ಓಡಿಸಿದರು. ಕೊನೆಗೊಂದು ಪ್ರಶ್ನೆಯ ಚಿಹ್ನೆ ಇತ್ತು — ಅದು ಇದ್ದರೆ ಯಾವುದೂ ಸುಳ್ಳಾಗುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಅಂದು ಮುಖ್ಯಸ್ಥರು ಮೊದಲ ಸಲ ನನ್ನ ಹೆಸರು ಹಿಡಿದು ಮಾತನಾಡಿಸಿದರು.

ಮೂರನೇ ದಿನ ಬೆಳಿಗ್ಗೆ ಕುರುಗೋಡಿನಿಂದ ಪರಿಚಯದವರೊಬ್ಬರ ಫೋನು. ಮಕ್ಕಳ ಕಳ್ಳಿಯೊಬ್ಬಳು ಸಿಕ್ಕಿದ್ದಾಳೆ, ಕಂಬಕ್ಕೆ ಕಟ್ಟಿದ್ದಾರೆ, ಬೇಗ ಬನ್ನಿ ಎಂದು. ನಮ್ಮ ಕ್ಯಾಮೆರಾಮನ್ ಖಾಜಾನ ಬೈಕಿನ ಹಿಂದೆ ಕೂತು ಹೊರಟೆ. ಮೊದಲು ಪೊಲೀಸರಿಗೆ ಹೇಳೋಣ ಎಂದು ಖಾಜಾ ಅಂದ. ಅಲ್ಲಿಗೆ ಮುಟ್ಟಿದ ಮೇಲೆ ನೋಡೋಣ ಎಂದೆ. ಬೇರೆ ವಾಹಿನಿಯವರು ನಮಗಿಂತ ಮೊದಲು ಮುಟ್ಟದಿರಲಿ — ದಾರಿಯುದ್ದಕ್ಕೂ ನನಗಿದ್ದದ್ದು ಇದೊಂದೇ ಚಿಂತೆ. ಆ ಹೆಂಗಸಿಗೆ ಏನಾಗಿರಬಹುದು ಎಂದು ಒಂದು ಸಲವಾದರೂ ಯೋಚಿಸಿದೆನೇ ಎಂದು ಎಷ್ಟೋ ಸಲ ನೆನಪು ಕೆದಕಿದ್ದೇನೆ. ಇಲ್ಲ.

ಹುಲಿಗೆಮ್ಮ ಯಾರು ಎಂದು ನನಗೆ ತಿಳಿದದ್ದು ಆಮೇಲೆ. ಸಿರುಗುಪ್ಪದವರು, ಐವತ್ತರ ಆಚೀಚೆ. ಓಣಿ ಓಣಿ ತಿರುಗಿ, ಹೆಂಗಸರು ತಲೆ ಬಾಚುವಾಗ ಉದುರಿದ ಕೂದಲನ್ನು ಪಡೆದು, ಬದಲಿಗೆ ಪಿನ್ನು, ಬಾಚಣಿಗೆ, ಸಣ್ಣ ಸ್ಟೀಲಿನ ಬಟ್ಟಲು ಕೊಡುವ ಕೆಲಸ ಅವರದು. ಅಂದು ಮನೆಯ ಮುಂದೆ ಆಡುತ್ತಿದ್ದ ಒಂದು ಪುಟ್ಟ ಹುಡುಗಿಯ ಕೈಗೆ ಪಿನ್ನು ಕೊಟ್ಟು, ನಿಮ್ಮವ್ವನನ್ನು ಕರಿ ಎಂದಿದ್ದಾರೆ. ನೋಡಿದವರು ಯಾರೋ ಕೂಗಿಕೊಂಡಿದ್ದಾರೆ. ಜನ ಸೇರಿ ಚೀಲ ಕಿತ್ತು ಸುರಿದಾಗ ಒಳಗಿನಿಂದ ಕೂದಲು ಉಂಡೆಯುಂಡೆಯಾಗಿ ಬಿದ್ದಿದೆ. ಎಷ್ಟು ಮಕ್ಕಳ ಕೂದಲೋ ಇದು ಎಂದು ಒಬ್ಬರು ಅಂದರಂತೆ. ಅಷ್ಟು ಸಾಕಾಯಿತು.

ನಾವು ಮುಟ್ಟಿದಾಗ ಅದೆಲ್ಲ ಮುಗಿದು ಅರ್ಧ ಗಂಟೆಯಾಗಿತ್ತು. ಹಗ್ಗ ಬಿಚ್ಚಿದ್ದರು. ಹುಲಿಗೆಮ್ಮ ಕಂಬಕ್ಕೆ ಒರಗಿ ಕೂತಿದ್ದರು — ತುಟಿ ಒಡೆದಿತ್ತು, ಕೆನ್ನೆ ಬಾತಿತ್ತು, ಕುಪ್ಪಸದ ತೋಳು ಹರಿದಿತ್ತು; ಆದರೆ ಎರಡೂ ಕಣ್ಣಿನಿಂದ ನೋಡುತ್ತಿದ್ದರು. ಅಲ್ಲೇ ಪಂಕ್ಚರ್ ಅಂಗಡಿ ಇಟ್ಟಿದ್ದ ಈರಣ್ಣ ಎಂಬವರು ಪ್ಲಾಸ್ಟಿಕ್ ಮಗ್ಗಿನಲ್ಲಿ ಅವರಿಗೆ ನೀರು ಕುಡಿಸುತ್ತಿದ್ದರು. ನಡುವೆ ಹೋಗಿ ಜನರನ್ನು ತಡೆದವರೂ ಅವರೇ, ಪೊಲೀಸರಿಗೆ ಫೋನು ಮಾಡಿದವರೂ ಅವರೇ. ಜನ ಚದುರಿ ಮನೆಗಳಿಗೆ ಹೊರಟಿದ್ದರು. ಒಬ್ಬ ಮುದುಕಿ ತಲೆ ತಗ್ಗಿಸಿಕೊಂಡು, ನೆಲದ ಮೇಲೆ ಬಿದ್ದ ಕೂದಲನ್ನು ಆರಿಸಿ ಚೀಲಕ್ಕೆ ತುಂಬುತ್ತಿದ್ದಳು.

ಅಂದರೆ ಆ ಊರು ಮಾಡಿದ ತಪ್ಪನ್ನು ಆಗಲೇ ಅರ್ಧ ತಿದ್ದಿಕೊಂಡಿತ್ತು. ಅದನ್ನು ನಾನು ಕಣ್ಣಾರೆ ಕಂಡೆ. ಕಂಡು ನನಗಾದದ್ದು — ನಿರಾಸೆ. ಮೆದುವಾದ ಬೇರೆ ಪದ ಹುಡುಕುವುದಿಲ್ಲ.

ಈರಣ್ಣ ಎದ್ದು ಬಂದು, "ಆತ್ರಿ ಮೇಡಂ, ಮುಗೀತು. ಪಾಪ, ಕೂದ್ಲ ಮಂದಿ ಅಂತ. ನಮ್ಮವ್ರಿಗೆ ತಿಳೀಲಿಲ್ಲ" ಎಂದರು. ಯಾಕೆ ಹೊಡೆದಿರಿ ಎಂದು ನಾನು ಅಲ್ಲಿದ್ದವರನ್ನು ಕೇಳಿದ್ದಕ್ಕೆ ಒಬ್ಬ ಹೆಂಗಸು, "ನಿಮ್ಮ ಟಿವಿಯಾಗನ ಬಂದಿತ್ತಲ್ರಿ, ಬಳ್ಳಾರಿಗೆ ಬಂದಾರ ಅಂತ" ಎಂದಳು. ಅವಳು ಆಪಾದಿಸಿ ಹೇಳಿದ ಮಾತಲ್ಲ ಅದು. ಗೊತ್ತಿಲ್ಲದವರಿಗೆ ತಿಳಿಸುವ ಹಾಗೆ ಹೇಳಿದಳು. ಆಗಲೇ ಡೆಸ್ಕಿನಿಂದ ಫೋನು ಬಂತು. ಹೊಡೆಯುವ ದೃಶ್ಯ ಇದೆಯೇ ಎಂದು ಕೇಳಿದರು. ಇದೆ ಸರ್ ಎಂದೆ.

ಇರಲಿಲ್ಲ. ಆದ್ದರಿಂದ —

ಹುಲಿಗೆಮ್ಮನ ಪಕ್ಕ ನಿಲ್ಲುವಂತೆ ಈರಣ್ಣನಿಗೆ ಹೇಳಿದೆ. ಅವರ ಮುಖದ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಬೇರೆ ಯಾವ ಕಾರಣಕ್ಕೂ ಅವರನ್ನು ಆರಿಸಲಿಲ್ಲ. ಬೇಡ್ರಿ ಮೇಡಂ, ಪೊಲೀಸರು ಬರುತ್ತಾರೆ ಎಂದರು. ಹೊಡೆಯುವುದು ಬೇಡ, ಸುಮ್ಮನೆ ಕೈ ಎತ್ತಿದರೆ ಸಾಕು, ಏನಾಯಿತೆಂದು ಜನರಿಗೆ ತಿಳಿಯಬೇಕಲ್ಲ ಎಂದೆ. ಆಮೇಲೆ ಚದುರುತ್ತಿದ್ದವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಕ್ಯಾಮೆರಾದಾಗ ಬಂದಿಲ್ಲ. ಇನ್ನೊಮ್ಮೆ ಮಾಡ್ರಿ."

ಹೊಡೀರಿ ಎಂದು ನಾನು ಹೇಳಲಿಲ್ಲ. ಮಾಡ್ರಿ ಎಂದೆ. ಮದುವೆಯಲ್ಲಿ ಹಾರ ಹಾಕುವ ಹೊತ್ತಿಗೆ ಕ್ಯಾಮೆರಾದವರು ಹೇಳುತ್ತಾರಲ್ಲ, ಹಾಗೆ. ಆ ಒಂದು ಪದದ ಹಿಂದೆ ನಾನು ಏಳು ವರ್ಷ ಅಡಗಿ ಕೂತಿದ್ದೆ.

ಜನ ತಿರುಗಿ ಬಂದರು. ಮನೆಯೊಳಗೆ ಹೋದವರೂ ಹೊರಗೆ ಬಂದರು. ಕ್ಯಾಮೆರಾ ಕಂಡು ಒಬ್ಬ ಅಂಗಿಯ ಗುಂಡಿ ಹಾಕಿಕೊಂಡ, ಇನ್ನೊಬ್ಬ ಹೆಗಲ ಮೇಲಿನ ಟವೆಲು ಸರಿ ಮಾಡಿಕೊಂಡ. ಹಿಂದಿದ್ದವರು ಮುಂದಿನವರನ್ನು ತಳ್ಳಿದರು. ಒಂದು ಗಳಿಗೆ ಯಾರೂ ಏನೂ ಮಾಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ನಕ್ಕರು ಕೂಡ. ಈರಣ್ಣ ಕೈ ಎತ್ತಿದರು. ಅವರ ಕೈ ಮೇಲೆಯೇ ಇತ್ತು — ಅವರ ಬಗಲ ಕೆಳಗಿನಿಂದ ಬೇರೆ ಯಾರದೋ ಕಾಲು ಬಂದು ಹುಲಿಗೆಮ್ಮನ ಎದೆಗೆ ಬಿತ್ತು. ಅಲ್ಲಿಂದ ಅದು ಯಾರ ಕೈಯಲ್ಲೂ ಉಳಿಯಲಿಲ್ಲ.

ಎರಡನೇ ಸಲದ್ದು ಮೊದಲಿನಂತೆ ಇರಲಿಲ್ಲ. ಮೊದಲನೇ ಸಲ ಅವರು ತಮ್ಮ ಮಕ್ಕಳಿಗೆ ಏನಾದೀತೋ ಎಂದು ಹೆದರಿ ಹೊಡೆದಿದ್ದರು. ಈಗ ಯಾರಿಗೂ ಹೆದರಿಕೆ ಇರಲಿಲ್ಲ. ಈ ಹೆಂಗಸು ಏನೂ ಮಾಡಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಹೊಡೆದರು — ಇನ್ನೂ ಜೋರಾಗಿ, ಸರದಿಯ ಮೇಲೆ, ಹೊಡೆದವನು ಪಕ್ಕಕ್ಕೆ ಸರಿದು ಮುಂದಿನವನಿಗೆ ಜಾಗ ಬಿಟ್ಟು. ಬರಿಯ ಕೈ ಸಾಲದೆನಿಸಿತೋ ಏನೋ, ಯಾರೋ ದರ್ಜಿಯ ಅಂಗಡಿಯಿಂದ ಕತ್ತರಿ ತಂದರು. ಮೊದಲನೇ ಸಲ ಕತ್ತರಿ ಇರಲಿಲ್ಲ. ಕೂದಲಿನವಳ ಕೂದಲೇ ತೆಗೆಯೋಣ ಎಂದರು. ಇದು ಹೊಸದಾಗಿತ್ತು. ಹತ್ತಿರ ಹೋಗು ಎಂದು ನಾನು ಖಾಜಾನಿಗೆ ಹೇಳಿದೆ. ಹತ್ತಿರ, ಇನ್ನೂ ಹತ್ತಿರ.

ಹುಲಿಗೆಮ್ಮ ಕಿರುಚುವುದನ್ನು ಬಿಟ್ಟು ನನ್ನ ಕಡೆ ನೋಡಿದರು. "ಯವ್ವಾ, ನೀನೂ ಹೆಣ್ಮಗಳದಿ. ಇವ್ರಿಗೆ ಒಂದ್ ಮಾತ ಹೇಳವ್ವ" ಎಂದರು. ಮಾತು ಸರಿಯಾಗಿ ಕೇಳಿಸಲೆಂದು ನಾನು ಮೈಕನ್ನು ಅವರ ಬಾಯಿಯ ಹತ್ತಿರ ಒಯ್ದೆ.

ಅವರು ತಲೆ ಕೊಡವಿದಾಗ ಕತ್ತರಿಯ ಮೊನೆ ಕಣ್ಣಿಗೆ ಹೋಯಿತು.

ಪೊಲೀಸರ ಜೀಪು ಬಂತು, ಜನ ಓಡಿದರು, ಅವರನ್ನು ಬಳ್ಳಾರಿಯ ಆಸ್ಪತ್ರೆಗೆ ಒಯ್ದರು. ಈರಣ್ಣ ಓಡಲಿಲ್ಲ. ತಲೆಯ ಮೇಲೆ ಕೈ ಹೊತ್ತು ತಮ್ಮ ಅಂಗಡಿಯ ಮುಂದೆ ಕೂತಿದ್ದರು. ನಾನು ಅವರ ಕಡೆ ಹೋಗಲಿಲ್ಲ, ಕಳಿಸುವ ಅವಸರವಿತ್ತು. ಅಲ್ಲೇ ಒಂದು ಹೋಟೆಲಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಮೊದಲ ಹನ್ನೊಂದು ಸೆಕೆಂಡಿನಲ್ಲಿ ನನ್ನ ದನಿ ಇತ್ತು. ಅದನ್ನು ತೆಗೆ ಎಂದೆ. ಖಾಜಾ ನನ್ನನ್ನೇ ನೋಡಿದ. ಮೂಲದ್ದನ್ನೂ ಅಳಿಸು ಎಂದೆ. ಅಳಿಸಿದ. ಆಮೇಲೆ ಎದ್ದು ಹೋಗಿ, ಹೋಟೆಲಿನ ಹಿಂದೆ ವಾಂತಿ ಮಾಡಿಕೊಂಡು ಬಂದ. ನಾನು ಚಹಾ ತರಿಸಿ ಕುಡಿದೆ.

ಮಧ್ಯಾಹ್ನ ಅದು 'ಮಕ್ಕಳ ಕಳ್ಳಿಗೆ ಧರ್ಮದೇಟು' ಎಂದು ಪ್ರಸಾರವಾಯಿತು. ಹುಲಿಗೆಮ್ಮ ನಿರಪರಾಧಿ ಎಂದು ಪೊಲೀಸರು ಹೇಳಿದ ಮೇಲೆ, ಸಂಜೆ ಅದೇ ದೃಶ್ಯಕ್ಕೆ 'ಅಮಾಯಕ ಮಹಿಳೆಯ ಮೇಲೆ ಅಮಾನುಷ ಹಲ್ಲೆ' ಎಂದು ಹೆಸರಾಯಿತು. ಎರಡಕ್ಕೂ ಹಿನ್ನೆಲೆ ಸಂಗೀತ ಒಂದೇ. ಧರ್ಮದೇಟು ಎಂಬ ಪದ ಬರೆದವಳೂ ನಾನೇ, ನಾಗರಿಕ ಸಮಾಜ ತಲೆ ತಗ್ಗಿಸಬೇಕಾದ ಘಟನೆ ಎಂದು ಸಂಜೆ ಕ್ಯಾಮೆರಾ ಮುಂದೆ ಹೇಳಿದವಳೂ ನಾನೇ. ಮಧ್ಯಾಹ್ನ ನನ್ನ ಬರಹದಲ್ಲಿ ಅವರು 'ಸಿಕ್ಕಿಬಿದ್ದಳು'. ಸಂಜೆ 'ನರಳಿದರು'. ಒಂದೇ ದಿನದಲ್ಲಿ ಏಕವಚನದಿಂದ ಬಹುವಚನಕ್ಕೆ ಬಂದಿದ್ದರು. ಅಷ್ಟು ಹೊತ್ತಿಗೆ ಅವರ ಕಣ್ಣು ತೆಗೆದಾಗಿತ್ತು.

ಮನೆಯಲ್ಲಿ ಅಪ್ಪ ಟಿವಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಬಂಧುಗಳಿಗೆಲ್ಲ ಫೋನು ಮಾಡಿ, ನಮ್ಮ ಹುಡುಗಿ ಎಷ್ಟು ಧೈರ್ಯವಾಗಿ ಮಾತಾಡ್ತಾಳ ನೋಡ್ರಿ ಎಂದರು. ಎರಡು ತಿಂಗಳಲ್ಲಿ ವಾಹಿನಿಯವರು ನನ್ನನ್ನು ಕಾಯಂ ಮಾಡಿಕೊಂಡು ಜಿಲ್ಲಾ ವರದಿಗಾರ್ತಿ ಎಂದರು. ಒಂದು ಸಭೆಯಲ್ಲಿ ಶಾಲು ಹೊದಿಸಿ, ಇಂಥವರಿಂದಲೇ ಸತ್ಯ ಹೊರಗೆ ಬರುವುದು ಎಂದು ಭಾಷಣ ಮಾಡಿದರು. ನಾನು ಕೈ ಮುಗಿದು ಕೂತಿದ್ದೆ. ನಾಚಿಕೆಯಾಗಲಿಲ್ಲವೇ ಎಂದು ನೀವು ಕೇಳಬಹುದು. ಆಗ ಆಗಲಿಲ್ಲ. ನಾನು ಹೋಗದಿದ್ದರೆ ಆ ಪ್ರಕರಣ ಯಾರಿಗೂ ಗೊತ್ತಾಗುತ್ತಿರಲಿಲ್ಲ, ತಪ್ಪಿತಸ್ಥರು ಸಿಗುತ್ತಿರಲಿಲ್ಲ ಎಂದುಕೊಳ್ಳುತ್ತಿದ್ದೆ — ಹೇಳಿ ಹೇಳಿ ಅದು ನನಗೇ ನಿಜವಾಗಿತ್ತು.

ತಪ್ಪಿತಸ್ಥರು ಸಿಕ್ಕರು ಎಂದೆನಲ್ಲ. ನನ್ನ ವಿಡಿಯೋದಲ್ಲಿ ಮುಖ ಕಂಡವರನ್ನು ಹಿಡಿದರು. ಕತ್ತರಿ ಹಿಡಿದವನ ಬೆನ್ನು ಕ್ಯಾಮೆರಾ ಕಡೆ ಇತ್ತು. ಅವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವರು ಈರಣ್ಣ — ನಾನು ಬಿಸಿಲು ನೋಡಿ ನಿಲ್ಲಿಸಿದ ಈರಣ್ಣ. ಅವರು ಕೈ ಎತ್ತುತ್ತಾರೆ, ಜನ ಮೇಲೆ ಬೀಳುತ್ತಾರೆ. ನೋಡಿದ ಯಾರಿಗಾದರೂ ಅವರೇ ಅಪ್ಪಣೆ ಕೊಟ್ಟಂತೆ ಕಾಣುತ್ತದೆ. ಮೊದಲನೇ ಆರೋಪಿ ಎಂದರು.

ವಿಚಾರಣೆಗೆ ನಾನು ಮುಖ್ಯ ಸಾಕ್ಷಿ. ಈರಣ್ಣನ ವಕೀಲರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಮತ್ತೊಮ್ಮೆ ಮಾಡಿ ಎಂದು ಜನರಿಗೆ ಹೇಳಿದವರು ನೀವಲ್ಲವೇ? ಅಲ್ಲ ಎಂದೆ. ನಾನು ಮುಟ್ಟಿದಾಗ ಹೊಡೆತ ನಡೆಯುತ್ತಲೇ ಇತ್ತು ಎಂದೆ. ಕೈ ಎತ್ತಲು ಈರಣ್ಣನಿಗೆ ಹೇಳಿದಿರಾ? ಇಲ್ಲ. ನನ್ನ ದನಿ ನಡುಗಲಿಲ್ಲ. ಮೈಕಿನ ಮುಂದೆ ನಡುಗದೆ ಮಾತನಾಡುವುದು ನನ್ನ ಕಸುಬು. ಈರಣ್ಣ ಕಟಕಟೆಯಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಮರೆತಿರಬೇಕು ಈಯಮ್ಮ, ಈಗ ನೆನಪಾದೀತು ಎಂದು ಕಾಯುವವರ ಹಾಗೆ — ಕೊನೆಯವರೆಗೂ ಕಾದರು.

ಅವರಿಗೂ ಇನ್ನೂ ಮೂವರಿಗೂ ಶಿಕ್ಷೆಯಾಯಿತು. ಹದಿನಾಲ್ಕು ತಿಂಗಳು ಒಳಗಿದ್ದು, ಮೇಲಿನ ಕೋರ್ಟಿಗೆ ಅರ್ಜಿ ಹಾಕಿ ಜಾಮೀನಿನ ಮೇಲೆ ಹೊರಗೆ ಬಂದರು. ಆ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಖಾಜಾ ಆ ತೀರ್ಪಿನ ವಾರವೇ ಕೆಲಸ ಬಿಟ್ಟ. ಈಗ ಮದುವೆಗಳ ವಿಡಿಯೋ ತೆಗೆಯುತ್ತಾನೆ. ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದ.

ಹೀಗೇ ಉಳಿದುಬಿಡುತ್ತಿತ್ತೇನೋ. ಕಳೆದ ವರ್ಷ ಮತ್ತೆ ಮಕ್ಕಳ ಕಳ್ಳರ ಗುಲ್ಲೆದ್ದಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿಗೆ ಹಲಕುಂದಿಯ ನಮ್ಮ ಅತ್ತೆ ಒಂದು ವಿಡಿಯೋ ಹಾಕಿದರು. 'ಇಂದು ಸಿರುಗುಪ್ಪದಲ್ಲಿ ಸಿಕ್ಕಿಬಿದ್ದ ಮಕ್ಕಳ ಕಳ್ಳಿ. ಎಲ್ಲರಿಗೂ ಕಳಿಸಿ.' ತೆರೆದೆ. ಕರೆಂಟಿನ ಕಂಬ, ಹಸಿರು ಸೀರೆ. ನಮ್ಮ ವಾಹಿನಿಯ ಗುರುತನ್ನು ಯಾರೋ ಅಳಿಸಿದ್ದರು. ಮಕ್ಕಳು ಹುಷಾರು ಎಂದು ಅತ್ತೆ ಕೆಳಗೆ ಬರೆದಿದ್ದರು. ಹಿಂದೆಯೇ ಹನ್ನೆರಡು ಜನ ಕೈ ಮುಗಿಯುವ ಚಿತ್ರ ಹಾಕಿದರು. ಒಬ್ಬರು, ಇಂಥವರನ್ನು ಇಲ್ಲೇ ಮುಗಿಸಬೇಕು ಎಂದರು. ಅದು ನಾನು ತೆಗೆಸಿದ್ದು ಎಂದು ಅವರಲ್ಲಿ ಯಾರಿಗೂ ಗುರುತು ಹತ್ತಲಿಲ್ಲ.

ಹುಲಿಗೆಮ್ಮ ಈಗ ಎಲ್ಲಿದ್ದಾರೆ ಎಂದು ಏಳು ವರ್ಷದಲ್ಲಿ ಮೊದಲ ಸಲ ವಿಚಾರಿಸಿದೆ. ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿದೆ.

ಅಕ್ಕಿ ಗಿರಣಿಗಳ ಹಿಂದಿನ ಒಂದು ಓಣಿಯಲ್ಲಿ ಮಗಳು ರೇಣುಕಾಳ ಮನೆಯಲ್ಲಿದ್ದರು. ಕೂದಲಿನ ಕೆಲಸ ಬಿಟ್ಟಿದ್ದಾರೆ; ಹೊರಗೆ ಬರುವುದನ್ನೇ ಬಿಟ್ಟಿದ್ದಾರೆ. ಹೊಸ ಗುಲ್ಲೆದ್ದ ಮೇಲೆ ಪಕ್ಕದ ಓಣಿಯವರು ಬಂದು ಬಾಗಿಲು ಬಡಿದು, ಕಳ್ಳಿಯನ್ನು ಹೊರಗೆ ಕಳಿಸು ಎಂದಿದ್ದರಂತೆ. ಇದು ಹಳೆಯ ವಿಡಿಯೋ ಎಂದು ರೇಣುಕಾ ಕಾಲು ಹಿಡಿದು ಬೇಡಿಕೊಂಡ ಮೇಲೆ ಹೋದರಂತೆ. ಮೊಮ್ಮಗಳನ್ನು ಶಾಲೆಯಿಂದ ಬಿಡಿಸಿದ್ದಾರೆ.

ನಾನು ಯಾರೆಂದು ಹೇಳಿದೆ. ನಾನು ಮಾಡಿದ್ದನ್ನು ಹೇಳಿದೆ. ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಉದುರಿಹೋಗಿ, ಅಂದು ಕಂಬದ ಮುಂದೆ ಹೇಳಿದ ಆ ನಾಲ್ಕು ಪದಗಳೇ ಉಳಿದವು. ರೇಣುಕಾ ಎದ್ದು ನಿಂತಳು. ಹುಲಿಗೆಮ್ಮ ಅಲುಗಲಿಲ್ಲ.

"ನಂಗ ಗೊತ್ತೈತಿ. ನಾ ಕೇಳಿದ್ದೆ" ಎಂದರು. "ಎಲ್ಲಾರಿಗೂ ಹೇಳಿದೆ. ತಲಿಗೆ ಪೆಟ್ಟು ಬಿದ್ದೈತಿ, ಏನೇನೋ ಕೇಳಿಸಿರ್ತೈತಿ ಅಂದ್ರು. ಇಕಿನೂ ಹಂಗ ಅಂದ್ಲು."

ರೇಣುಕಾ ಬಾಗಿಲ ಕಡೆ ಮುಖ ಮಾಡಿ ನಿಂತುಬಿಟ್ಟಳು. ತಾಯಿಯ ಮಾತನ್ನು ಅವಳು ಏಳು ವರ್ಷ ನಂಬದಂತೆ ಮಾಡಿದವಳೂ ನಾನೇ — ಇದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ.

ಕೋರ್ಟಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ಯಾರೂ ಕೇಳಲಿಲ್ಲ, ಹೊಡೆದವರು ಯಾರು ಎಂದಷ್ಟೇ ಕೇಳಿದರು ಎಂದರು. ಈರಣ್ಣನನ್ನು ತೋರಿಸಿದಾಗ, ಇವನು ನೀರು ಕೊಟ್ಟವನು ಎಂದರಂತೆ. ಕೈ ಎತ್ತಿದನೋ ಇಲ್ಲವೋ, ಅದನ್ನು ಹೇಳಮ್ಮ ಎಂದು ವಕೀಲರು ಕೇಳಿದರಂತೆ. ಎತ್ತಿದ ಎಂದರಂತೆ.

ನನ್ನಿಂದ ಏನು ಆಗಬೇಕು ಎಂದು ಕೇಳಿದೆ. ಒಂದೇ ಮಾತು ಹೇಳಿದರು.

"ಅದನ್ನ ತೆಗೀರಿ. ಮಂದಿ ಫೋನಿನ್ಯಾಗ ನಾ ಇನ್ನಾ ಹೊಡಿಸಿಕ್ಯಾಂತ ಅದೀನಿ. ಅದನ್ನ ತೆ‌ಗದು ಬಿಡ್ರಿ ಸಾಕು."

ಅದೊಂದನ್ನು ಮಾತ್ರ ನಾನು ಮಾಡಲಾರೆ. ಅದು ಹಾಗೆ ತೆಗೆಯಲು ಬರುವುದಿಲ್ಲ ಎಂದು ಆ ಹೆಂಗಸಿಗೆ ತಿಳಿಸಿ ಹೇಳಲು ನಾನು ಪಟ್ಟ ಪಾಡು — ಅವರು ಮೂರು ಸಲ, ನೀವೇ ಅಲ್ಲವೇ ಹಾಕಿದ್ದು ಎಂದು ಕೇಳಿದರು. ಮೂರು ಸಲವೂ ಹೌದು ಎಂದೆ. ಇದನ್ನು ಬರೆಯುತ್ತೇನೆ, ನಿಮ್ಮ ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ, ಕಳ್ಳಿ ಅನ್ನುವುದಕ್ಕಿಂತ ಹೆಸರೇ ವಾಸಿ, ಬರೀರಿ ಎಂದರು. ನಾನು ಹೊರಡುವಾಗ ಅವರು ನನ್ನ ಕಡೆ ನೋಡಲಿಲ್ಲ.

ಅಲ್ಲಿಂದ ಕುರುಗೋಡಿಗೆ ಹೋದೆ. ಈರಣ್ಣನ ಅಂಗಡಿ ಇಲ್ಲ. ಬೇರೆಯವರ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾರೆ. ಮೇಲಿನ ಕೋರ್ಟಿನಲ್ಲಿ ನಿಜ ಹೇಳುತ್ತೇನೆ ಎಂದೆ. ಕೈಯಲ್ಲಿದ್ದ ಟ್ಯೂಬನ್ನು ನೀರಿಗೆ ಅದ್ದಿ ತೂತು ಹುಡುಕುತ್ತಲೇ ಕೇಳಿಸಿಕೊಂಡರು. ನಾನು ಕಾಲಿಗೆ ಬೀಳಲು ಹೋದೆ, ಹಿಂದಕ್ಕೆ ಸರಿದರು.

"ಹೇಳ್ರಿ, ಖರೇನ ಹೇಳ್ರಿ. ಆದ್ರ ಒಂದ್ ಮಾತು" ಎಂದರು. "ನೀವು ಅಂದ ಕೂಡ್ಲೆ ನಾ ಯಾಕ ಎತ್ತಿದೆ ಅಂತ ಒಳಗಿದ್ದಾಗ ದಿನಾ ಕೇಳಿಕೆಂಡೀನಿ. ಟಿವಿಯಾಗ ಬರ್ತೀನಿ ಅಂತ ಆಸಿ ಆತ್ರಿ. ಎತ್ತಾಕ ಮುಂಚೆ ತಲಿ ಕೂದ್ಲ ಸರಿ ಮಾಡಿಕೆಂಡೆ ನಾನು. ನೋಡ್ರಿ ಬೇಕಾದ್ರ, ವಿಡಿಯೋದಾಗ ಐತಿ."

ಇದೆ. ನೂರಾರು ಸಲ ನೋಡಿದ ವಿಡಿಯೋ. ಅದನ್ನು ನಾನು ಗಮನಿಸಿರಲಿಲ್ಲ. ಎಡಗೈಯಿಂದ ಒಮ್ಮೆ ಕೂದಲು ಒತ್ತಿಕೊಳ್ಳುತ್ತಾರೆ. ಆಮೇಲೆ ಬಲಗೈ ಎತ್ತುತ್ತಾರೆ.

ನಾನು ಹೇಳಿಕೆ ಬರೆದುಕೊಟ್ಟಿದ್ದೇನೆ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನಿಮ್ಮ ಮೇಲೆಯೇ ಕೇಸಾಗುತ್ತದೆ, ತಿಳಿದಿದೆಯೇ ಎಂದು ವಕೀಲರು ಕೇಳಿದರು. ತಿಳಿದಿದೆ ಎಂದೆ. ಖಾಜಾನೂ ಬಂದು ರುಜು ಹಾಕಿದ, ನನ್ನೊಂದಿಗೆ ಮಾತನಾಡಲಿಲ್ಲ. ವಾಹಿನಿಯ ಕೆಲಸ ಬಿಟ್ಟೆ. ಬಿಡುವ ಮುನ್ನ ಇದನ್ನು ಪ್ರಸಾರ ಮಾಡಿ ಎಂದು ಕೇಳಿದೆ. ಹಳೆಯ ಸುದ್ದಿ, ಜನ ನೋಡುವುದಿಲ್ಲ ಎಂದರು. ಅಪ್ಪನಿಗೆ ಹೇಳಿದ ದಿನ ಅವರು ಟಿವಿ ಆರಿಸಿ, ಕನ್ನಡಕ ತೆಗೆದಿಟ್ಟು, ಒಳಗೆ ಹೋಗಿ ಮಲಗಿದರು. ಅಂದಿನಿಂದ ನನ್ನೊಂದಿಗೆ ಬೇಕಾದಷ್ಟೇ ಮಾತು.

ನಾನು ಮಾಡಿದ್ದು ಒಂದು ಕಾಲದ, ಒಂದು ಕಸುಬಿನ ತಪ್ಪು ಎಂದು ಸಮಾಧಾನ ಹೇಳಿದವರಿದ್ದಾರೆ. ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದರು. ಇರಬಹುದು. ಆ ಕಂಬದ ಮುಂದೆ ಎಲ್ಲರೂ ಇರಲಿಲ್ಲ, ನಾನಿದ್ದೆ.

ಈಗ ನನ್ನ ಕೆಲಸ ಒಂದೇ. ಆ ವಿಡಿಯೋ ಎಲ್ಲಿ ಕಂಡರೂ ತೆಗೆಸಲು ಬರೆಯುತ್ತೇನೆ. ಒಂದು ಕಡೆ ತೆಗೆದರೆ ನಾಲ್ಕು ಕಡೆ ಬರುತ್ತದೆ. ತೆಗೆಯುವವರೆಗೆ, ಅದರ ಕೆಳಗೆ ನನ್ನ ಹೆಸರು ಹಾಕಿ ಹೀಗೆ ಬರೆಯುತ್ತೇನೆ: ಈ ಹೆಂಗಸು ಕಳ್ಳಿಯಲ್ಲ. ಇವರನ್ನು ಜನ ಹೊಡೆದು, ತಮ್ಮ ತಪ್ಪು ಅರಿತು, ಬಿಟ್ಟುಬಿಟ್ಟಿದ್ದರು. ನೀವು ನೋಡುತ್ತಿರುವುದು ಎರಡನೇ ಸಲದ್ದು. ಅದನ್ನು ಮಾಡಿಸಿದವಳು ನಾನು.

ಬೈಯುವವರು ಬೈಯುತ್ತಾರೆ. ನಂಬದವರು ನಗುತ್ತಾರೆ. ಹೋದ ವಾರ ಒಬ್ಬರು ಮರ್ಯಾದೆಯಿಂದ ಉತ್ತರ ಬರೆದಿದ್ದರು. ಮೇಡಂ, ಇದು ಎರಡನೇ ಸಲದ್ದಾದರೆ ಮೊದಲನೇ ಸಲ ಹೊಡೆದ ವಿಡಿಯೋ ನಿಮ್ಮ ಹತ್ತಿರ ಇದೆಯೇ, ಇದ್ದರೆ ಕಳಿಸಿ ಎಂದು. ಅದರ ಕೆಳಗೆ ಇನ್ನೂ ಹಲವರು — ನನಗೂ, ನನಗೂ.

ಇಲ್ಲ ಎಂದು ಬರೆದೆ. ಒಬ್ಬೊಬ್ಬರಿಗೂ, ಅವರವರ ಹೆಸರು ಹಿಡಿದು.